ಐದನೇ ಗಾಲಿ

ಗಬ್ಬೂರ ಕ್ರಾಸಿನ ಆಚೆ, ಹಳೇ ಲಾರಿ ಬಿಚ್ಚೂ ಬಯಲಿನಾಗ
ಮನಿ ಆರಿಸಾಕ ಹೋದ್ವಿ.
"ಅಮಾಸಿ ಕಳೀಲಿ" ಅಂದಿದ್ದಳು ನೆಗೆಣ್ಣಿ.
ಗಾಲಿ ಇರೂ ಮನಿಗೆ ಯಾವ ಅಮಾಸಿ?
ಬೇಕಾದ್ರ ಅದನ್ನ ಎಳಕೊಂಡು ಹುಣ್ಣಿಮಿಗೆ ಹೋದರಾತು.

ಗದಗ ಸೀಮಿ ಗುಡ್ಡಗುಡ್ಡಕ್ಕ ಗಾಳಿಫ್ಯಾನು ನಿಲ್ಲಸ್ತಾರಲ್ಲ,
ಅದರ ಬುಡದಾಗ ಕೇಬಲ್ಲು ಜೋಡಸೂದು ನನ್ನ ಗಂಡನ ಕೆಲಸ.
ಒಂಬತ್ತು ವರ್ಷ, ಹದಿಮೂರು ಬಾಡಿಗಿ ಖೋಲಿ.
ಒಂದೂರಿನ ಒಲಿ ಬೂದಿ ತಣ್ಣಗಾಗೂದ್ರೊಳಗ
ಇನ್ನೊಂದೂರಾಗ ಕೀಲಿ ಕೇಳಬೇಕು.
ಕೀಲಿಗಿಂತ ಮೊದಲ ಅವರು ಕೇಳೂದು ಒಂದ ಮಾತು,
ನೀರು ಕೊಟ್ಟ ಮ್ಯಾಲೆ ಕೇಳತಾರ,
ಕೊಡೂಕಿಂತ ಮೊದಲೂ ಕೇಳತಾರ:
"ನೀವು ಯಾವ ಮಂದಿ?"

ಖ್ವಾಜಾಸಾಬ ಮೊದಲು ತೋರಿಸಿದ್ದು ಸಿನಿಮಾದವರ ಗಾಡಿ.
ಕನ್ನಡಿ ಸುತ್ತ ಹದಿನಾರು ಬಲ್ಬು, ನಾಕು ಸತ್ತಿದ್ವು.
ನನ್ನ ಮಾರಿ ಅದರಾಗ
ಕರೀದ ಲಗ್ನಕ್ಕ ಬಂದು ಸಿಕ್ಕೊಂಡಂಗ ಕಂಡಿತು.
ಹಿಮ್ಮಡಿ ಊರಿ ನೆಲ ಗುದ್ದಿದೆ.
ಪ್ಲೈವುಡ್ಡು ಹಪ್ಪಳದಂಗ ಅಂತು.
ರೊಟ್ಟಿ ಬಡಿದರ ನೆಲಾನ ಹರೀತೈತಿ, ಮುಚ್ಚರಿ.

ಎರಡನೇದು ನಲವತ್ತು ಫೂಟಿನ ಕಂಟೇನರು.
ಇವ್ರು ಕೆಳಗ ತೂರಿ ಆಕ್ಸಲ್ಲು ಬಡಿದು, ಕಮಾನು ಪಟ್ಟಿ ಎಣಿಸಿ,
ಟೈರು ಹುಟ್ಟಿದ ವಾರ ಓದಿ, ನಕ್ಕೋತ ಹೊರಗ ಬಂದ್ರು.
"ಗಟ್ಟಿ ಐತಿ. ನಮಗಿಂತ ಹೆಚ್ಚು ಬಾಳತೈತಿ."
ಒಂದ ಕಿಡಕಿ ಇಲ್ಲ.
ಆಡಿದ ಮಾತು ತಿರುಗಿ ಬಂದು ಕಿವಿಗೆ ಬಡೀತು.
ಜಗಳಾಡಿದರ ಎಷ್ಟು ದಿನ ಉಳೀತೈತೊ ಇದರಾಗ. ಬ್ಯಾಡ.

"ಮೂಡಣ ಬಾಗಿಲದ್ದು ತೋರಸಲೇನಕ್ಕಾ?" ಅಂದ ಪೋರ.
ಮುಂಡರಗಿಯೊಳಗ ಮೂಡಣಕ್ಕ ನಿಂತದ್ದು
ಶಿರಹಟ್ಟಿಯೊಳಗ ಪಡುವಣಕ್ಕ ನಿಂತೀತು.
ವಾಸ್ತು ಹೇಳಾವ ಹಿಂದಿಂದ ಸೈಕಲ್ ಹೊಡೀಬೇಕು.

ಮೂರನೇದು ಪೀಕಜಾಲಿ ನಡುವ ಒಂಟಿ,
ಎತ್ತು ಬಿಚ್ಚಿದ ಬಂಡಿ ಮೂಕಿ ಎತ್ತಿ ನಿಂತಂಗ.
ಯಾವುದೊ ರಸ್ತಾ ಕಂಪನಿ ಕಟ್ಟಿಸಿದ್ದು, ಇಪ್ಪತ್ತಾರು ಫೂಟು.
"ಐದನೇ ಗಾಲಿ ಗಾಡಿ" ಅಂದ ಸಾಬ.
ಸುತ್ತ ತಿರುಗಿ ಎಣಿಸಿದೆ. ನಾಕ.
"ಐದನೇದು ಉರುಳೂದಿಲ್ಲವ್ವಾ.
ಎಳಿಯೂ ಗಾಡಿ ಬೆನ್ನ ಮ್ಯಾಲಿರೂ ಕಬ್ಬಿಣದ ತಟ್ಟಿ ಅದು,
ಗ್ರೀಸು ಬಳಕೊಂಡು ಸುಮ್ಮನ ಕುಂತಿರತೈತಿ.
ಮನಿ ಭಾರ ಅದರ ಮ್ಯಾಲೆ. ತಿರುವಿನಾಗ ಅದ ತಿರಗಬೇಕು,
ಇಲ್ಲಂದ್ರ ಎಳಿಯೂದೊಂದು ಕಡೆ, ಬರೂದೊಂದು ಕಡೆ."
ಇವ್ರು ನನ್ನ ನೋಡಿದ್ರು. ನಾ ನೋಡಲಿಲ್ಲ.

ಒಳಗ ಹೋದೆ. ಇಲಿ ಹಿಕ್ಕಿ, ಧೂಳು,
ಅರಿವಿ ಒಣಗಿಸೂ ತಂತಿ, ಅದಕ್ಕ ಒಂದ ಕ್ಲಿಪ್ಪು.
ಕಿಡಕಿ ಪಕ್ಕ, ತಗಡಿನ ಮ್ಯಾಲೆ
ನಾಲಿಗಿಯಂಗ ಏರಿದ ಮೊಳದುದ್ದ ಮಸಿ.
ಬಟ್ಟು ಹಚ್ಚಿದೆ. ಜಿಡ್ಡು. ಒಗ್ಗರಣಿ ಮಸಿ.
ಇಲ್ಲಿ ಯಾಕಿಯೊ ಬಾಳ ದಿನ ಒಲಿ ಹಚ್ಯಾಳ,
ಗಾಳಿ ಯಾವ ಕಡೆಯಿಂದ ಬರತೈತಿ ಅಂತ ಗೊತ್ತಿದ್ದಾಕಿ,
ಹೊಗಿಗೆ ದಾರಿ ಬಿಟ್ಟು ಕೂಡ್ರತಿದ್ದಾಕಿ.
ಯಾವ ಮಂದಿಯೊ...

ನನ್ನ ಬಾಯಾಗೂ ಬಂತು ನೋಡ್ರಿ, ಅದ ಮಾತು!
ನುಂಗಿದೆ.

"ಒಳಗ ಹೊರಗ ಪೇಂಟು ಹೊಡಿಸಿ ಕೊಡತೀವಿ" ಅಂದ ಸಾಬ.
ಹೊರಗ ಹೊಡಸ್ರಿ. ಇದನ್ನ ಮುಟ್ಟಬ್ಯಾಡ್ರಿ.

ಎರಡು ಲಕ್ಷ ಎಂಬತ್ತಕ್ಕ ಮಾತು ಮುಗೀತು.
ಟೈರೆರಡು ಹೊಸಾವು, ಬ್ರೇಕು ಅವರದ,
ಮತ್ತ ಬಾಗಿಲದಾಗ ಒಂದು ಪಟ್ಟಿ ವೆಲ್ಡಿಂಗು.
"ಎಡವತೀರಿ, ಯಾಕಬೇಕ ಅದು?" ಅಂದ ದಾವಲಸಾಬ, ಕನ್ನಡಕ ಸರಿಸಿ.
ಹೊಸ್ತಿಲಪ್ಪಾ.
ಅರಿಷಿಣ ಹಚ್ಚಾಕ ಒಂದಿಷ್ಟು ಜಾಗಾ ಬೇಕು,
ಊರು ಯಾವುದರ ಇರಲಿ.
ಆತ ಏನೂ ಅನಲಿಲ್ಲ. ಚಾಕಪೀಸಿಲೆ ಗೆರಿ ಎಳದ.

ಗ್ರೀಸಿನ ಡಬ್ಬಿ, ಅರಿಷಿಣ ಪೊಟ್ಟಣ ಒಂದ ಚೀಲದಾಗ ಹಾಕ್ಕೊಂಡು
ಗದಗಿನ ಬಸ್ಸು ಹತ್ತಿದ್ವಿ. ಸೀಟು ಸಿಕ್ಕ ಮ್ಯಾಲೆ
ಇವ್ರು ಸಣ್ಣಕ ಕೇಳಿದ್ರು,
"ಐದನೇದು ಯಾರು, ನೀನೊ ನಾನೊ?"
ತಿರುವು ಬರಲಿ, ಗೊತ್ತಾಗತೈತಿ ಅಂದೆ.

ಅಣ್ಣಿಗೇರಿ ತನಕ ರಸ್ತಾ ನೆಟ್ಟಗಿತ್ತು.