ಓರೆ ಬೆಳಕು

ಚಿಲೊಯೆ ದ್ವೀಪ. ತಗಡಿನ ಶೆಡ್ಡು. ಹೊರಗೆ
ಕಪ್ಪೆಚಿಪ್ಪಿನ ದೋಣಿಗಳು ಅವಳ ಮಾತಿಗೆ ಕಾದಿವೆ.
ಹನಿ ನೀರು ಗಾಜಿನ ಮೇಲೆ. ನೇರ ದೀಪಕ್ಕೆ
ಎಲ್ಲವೂ ಬರೀ ಬಿಳುಪು, ಇದ್ದೂ ಇಲ್ಲದಂತೆ.

ಎದಲ್ಮೀರಾ ನಹುಯೆಲ್ಕಿನ್ ಚಹಾ ಪೊಟ್ಟಣದ ರಟ್ಟು ಹರಿದು
ಕಂಡೆನ್ಸರಿನಡಿ ಅರ್ಧ ತೂರಿಸುತ್ತಾಳೆ.
ಒರೆಗೆ ಹಚ್ಚುವುದಲ್ಲ ಇದು, ಓರೆಗೆ.

ಒಂದು ಮಗ್ಗುಲಿಗೆ ನೆರಳು ಬಂತು.
ಗಾಜಿನ ಡಬ್ಬಿಗಳಿಗೆ ಅಂಚು, ಅಂಚಿಗೆ ಗೀರು,
ಗೀರಿನ ನಡುವೆ ಸಾಲು ತೂತು;
ಸರಪಳಿಯಾಗಿ ಹೊರಟ ನಾಲ್ಕು ವಿಷದ ಕಾಳು ಕೂಡ.

ಅಮ್ಮ ಬಲೆಯ ಹರಕು ಹುಡುಕುತ್ತಿದ್ದದ್ದೂ ಹೀಗೆ,
ನಡುಹಗಲಲ್ಲಲ್ಲ, ಹೊತ್ತು ವಾಲಿದ ಮೇಲೆ.

ರಟ್ಟು ತೆಗೆದರೆ ಮತ್ತೆ ಶುಭ್ರ ನೀರು.
ತೆಗೆಯಲಿಲ್ಲ. ಎಣಿಸಿದಳು. ಬಾಗಿಲು ತೆರೆದು
ಅಡ್ಡಡ್ಡ ತಲೆಯಾಡಿಸಿದಳು.
ದೋಣಿಯೊಂದರ ಎಂಜಿನ್ನು ಆರಿತು.