ಮೂರನೆಯದ್ದು ಸ್ವಲ್ಪ ಕೆಮ್ಮುತ್ತದೆ

ಹಾಸನದಲ್ಲಿ ಬಟಾಟೆ ಹೊತ್ತ ಗಾಡಿ. ಪೆಟ್ರೋಲಿನದ್ದು.
ಕುಡಿಯುವುದು ಜಾಸ್ತಿ, ದುಡಿಯುವುದು ಕಮ್ಮಿ
ಎಂದು ಮಾರಿದವನೇ ಹೇಳಿದ, ಬಾಯಿ ತಪ್ಪಿ.
ಅರುವತ್ತೆಂಟು ಸಾವಿರಕ್ಕೆ ಮಾತು ಮುಗಿಸಿ
ಶಿರಾಡಿ ಇಳಿಸಿಕೊಂಡು ತಂದೆ.
ಉದ್ಯಾವರದ ಸೇತುವೆಯ ಮೇಲೆ, ನಟ್ಟ ನಡುವೆ,
ನಿಂತಿತು.

ಇದಿನಬ್ಬ ಬಾನೆಟ್ ಎತ್ತಿ ನೋಡಿ, ಮುಚ್ಚಿ,
ಚಾ ಕುಡಿದು ಹೇಳಿದ:
"ಬಾಡಿ ಉಂಟು ಮಾರಾಯ್ರೆ, ಜೀವ ಇಲ್ಲ.
ನನ್ನಲ್ಲಿ ಜೀವ ಉಂಟು, ಬಾಡಿ ಇಲ್ಲ."
ಶೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದು ಕೂತಿತ್ತು
ಮಲ್ಪೆಯ ಬೋಟಿನ ಡೀಸೆಲ್ ಎಂಜಿನ್ನು,
ನಾಲ್ಕು ಸಿಲಿಂಡರು, ಮೈಯೆಲ್ಲ ಉಪ್ಪಿನ ಹುಡಿ.
ಬೋಟು ಒಡೆದು ಸೌದೆ ಆಯಿತಂತೆ.

ಹನ್ನೊಂದು ದಿನ.
ಚೈನ್‌ಬ್ಲಾಕಿನಿಂದ ಇಳಿಸಿದರೆ
ಸಂಪು ಆಕ್ಸಲಿಗೆ ಬಡಿಯುತ್ತದೆ. ಎತ್ತು.
ಎತ್ತಿದರೆ ಬಾನೆಟ್ ಮುಚ್ಚುವುದಿಲ್ಲ. ಇಳಿಸು.
ಎರಡು ಬೆರಳು ಎಡಕ್ಕೆ. ಅರ್ಧ ಬೆರಳು ಬಲಕ್ಕೆ.
ಜಾತಕ ಮೊದಲೇ ನೋಡಬೇಕಿತ್ತು ಎಂದ ಹೆಲ್ಪರ್ ಹುಡುಗ;
ಸ್ಪಾನರ್ ಹಾರಿ ಬಂತು ಅವನ ದಿಕ್ಕಿಗೆ.
ಗೇರ್‌ಬಾಕ್ಸಿನ ಬಾಯಿಗೂ ಎಂಜಿನ್ನಿನ ಬಾಯಿಗೂ ನಡುವೆ
ಒಂದು ಉಕ್ಕಿನ ಬಳೆ ಬೇಕು. ಕಾಪುವಿನ ಲೇತಿನಲ್ಲಿ
ಲಿಗೋರಿ ಅದನ್ನು ಕೊರೆದ.
"ಕೂದಲೆಳೆ ತಪ್ಪಿದರೂ ಕ್ಲಚ್ಚು ಅಳುತ್ತದೆ" ಎನ್ನುತ್ತಾ
ಎಳೆ ತೋರಿಸಲು ತಲೆ ಮುಟ್ಟಿಕೊಂಡ. ಬೋಳು.

ಬೋಟಿನಲ್ಲಿ ಇದಕ್ಕೆ ಗೊತ್ತಿದ್ದದ್ದು ಎರಡೇ:
ಮುಂದೆ, ಹಿಂದೆ. ಬಾಯಾರಿದರೆ ಕಡಲು.
ಈಗ ಐದು ಗೇರು, ಹಂಪು, ಸಿಗ್ನಲ್ಲು,
ರೇಡಿಯೇಟರಿನಲ್ಲಿ ಅಳತೆಯ ಬಾವಿನೀರು.
ಕಡಲಿಗೆ ಬ್ರೇಕಿಲ್ಲ. ಇಲ್ಲಿ ಅದೂ ಕಲಿಯಬೇಕು.

ಸ್ಟಾರ್ಟ್ ಮಾಡುವ ದಿನ ಯಾರೋ ಸುದ್ದಿ ಕೊಟ್ಟು
ದೂಮಪ್ಪ ತಿಂಗಳಾಯರು ಬಂದರು, ಬೋಟಿನ ಹಳೇ ಯಜಮಾನರು.
ನಾಲ್ಕು ಸಾವಿರ ಬಾಕಿ ಕೇಳಲಿಕ್ಕೆ ಬಂದೆ, ಎಂದರು.
ಸೆಲ್ಫು ಕರ್ರ್, ಕರ್ರ್ ಎಂದು ಸುಮ್ಮನಾಯಿತು.
ಮತ್ತೊಮ್ಮೆ. ಆಮೇಲೆ ಕಪ್ಪು ಹೊಗೆ,
ಮಾಡಿನ ತಗಡು ನಡುಗಿ ಕಾಗೆಗಳು ಎದ್ದವು.
ಅವರು ಲುಂಗಿ ಎತ್ತಿ ಕಟ್ಟಿ, ಕಣ್ಣು ಮುಚ್ಚಿ,
ತಲೆ ಓರೆ ಮಾಡಿ ನಿಂತರು.
"ಮೂರನೆಯದ್ದು ಸ್ವಲ್ಪ ಕೆಮ್ಮುತ್ತದೆ.
ಕೆಮ್ಮಲಿ. ರಿಪೇರಿಗೆ ಹೋಗಬೇಡಿ.
ಕೆಮ್ಮು ನಿಂತ ದಿನ ಹೆದರಿದರೆ ಸಾಕು."
ಬಾಕಿಯ ಮಾತು ಎತ್ತದೆ ಹೋದರು.
ಮಾರನೆಯ ದಿನ ಫೋನು ಮಾಡಿ ಎತ್ತಿದರು.

ಆರ್‌ಟಿಓದಲ್ಲಿ ಎಂಜಿನ್ ನಂಬರಿನ ಮೇಲೆ
ಕಾಗದವಿಟ್ಟು ಪೆನ್ಸಿಲು ತಿಕ್ಕಿದರು.
ಒಂದು ಅಂಕೆಯನ್ನು ಉಪ್ಪು ತಿಂದಿದೆ. ಮೂರೋ? ಎಂಟೋ?
ಅರ್ಜಿ ಯಾವ ಮೇಜಿನಲ್ಲಿ ಮಲಗಿದೆಯೋ,
ಪುಸ್ತಕದಲ್ಲಿನ್ನೂ ಪೆಟ್ರೋಲ್ ಎಂದೇ ಉಂಟು,
ಟ್ಯಾಂಕಿನ ಮುಚ್ಚಳದಲ್ಲೂ.
ಬಂಕಿನ ಹುಡುಗ ಪ್ರತಿಸಲ ತಪ್ಪು ಪೈಪು ಹಿಡಿದು ಬರುತ್ತಾನೆ,
ನಾನು ಪ್ರತಿಸಲ ಬೊಬ್ಬೆ ಹೊಡೆಯುತ್ತೇನೆ.

ಇವತ್ತು ಬೆಳಿಗ್ಗೆ ಇಪ್ಪತ್ತು ಬ್ಲಾಕ್ ಐಸು ಹೇರಿ
ಮಣಿಪಾಲದ ಏರಿಗೆ ಕೊಟ್ಟೆ. ಎರಡನೇ ಗೇರು.
ಬೆನ್ನಿಗೆ ಎಕ್ಸ್‌ಪ್ರೆಸ್ ಬಸ್ಸಿನ ಹಾರನ್ನು.
ಏರು ಕಂಡರಿಯದ ಎಂಜಿನ್ನು
ಅಲೆ ಎಂದುಕೊಂಡಿತೋ ಏನೋ,
ಮೂಗೆತ್ತಿ, ಕೆಮ್ಮಿ, ಕೆಮ್ಮಿ, ಹತ್ತಿತು.
ಆಚೆ ಇಳಿಯುತ್ತದೆಂದು ಕಾದಿರಬೇಕು.
ಇಳಿಯಲಿಲ್ಲ. ಮೇಲೆಲ್ಲ ಚಪ್ಪಟೆ, ಕಾಲೇಜು, ಜನ.

ಬದಿಗೆ ನಿಲ್ಲಿಸಿ ಕನ್ನಡಿಯಲ್ಲಿ ನೋಡಿದೆ.
ಹತ್ತಿ ಬಂದ ದಾರಿಗೆ ಐಸಿನ ಒದ್ದೆ ಗೆರೆ,
ಒಂದು ಕಡೆ ಸ್ವಲ್ಪ ವಕ್ರ,
ಬಿಸಿಲಿಗೆ ಆ ತುದಿಯಿಂದ ಆರುತ್ತಾ ಬರುತ್ತಿತ್ತು.