ಉಳಿದ ವಾಶರ್

ಹ್ವಾದ ವರ್ಷ ದುಧನಿ ರೋಡಿನಾಗ
ನನ್ನ ಟ್ರೇಲರಿನ ಗಾಲಿ
ನನ್ನನ್ನ ಓವರ್‌ಟೇಕ್ ಮಾಡಿ ಮುಂದ ಹೋತು.
ಯಾರದೋ ಅವಸರದ ಗಾಲಿ ಅಂತ ನಕ್ಕಿದ್ದೆ.
ಹಿಂದ ಐದು ಟನ್ ಕಬ್ಬು
ಒಂದು ಮಗ್ಗಲಿಗೆ ಕುಂತಾಗ ಗೊತ್ತಾತು.
ಗಾಲಿ ತೊಗರಿ ಹೊಲ ಹೊಕ್ಕು
ತಿರುಗಿ ತಿರುಗಿ ಸುಸ್ತಾಗಿ ಮಲಗಿತ್ತು.
ತೊಗರಿ ಕೊಯ್ಯೋ ಮುದುಕಿ
ಮರಾಠ್ಯಾಗ ಬೈದು, ಕನ್ನಡದಾಗ ನೀರು ಕೊಟ್ಟಳು.

ಈ ಸಲ ಕಾರಖಾನ್ಯಾಗ ಬಾಯ್ಲರ್ ಪೂಜಾಕ್ಕ
ಇನ್ನಾ ಎಂಟು ದಿನ ಅದ.
ಮಿಸ್ತ್ರಿ ಮೌಲಾಲಿ ಅಂದ,
ಹನ್ನೊಂದು ಟ್ರೇಲರ್ ಸಾಲಿನಾಗ ಅವ, ನಿಂದು ಹನ್ನೆರಡನೇದು.
ಹಂಗಾದ್ರ ನಾನೇ ಬಿಚ್ಚತೀನಿ, ಅಂದೆ.
ಬಿಚ್ಚೂದು ಎಲ್ಲರಿಗೂ ಬರತದ, ಅಂದ ಅವ
ತಲಿ ಎತ್ತದ.

ಜಾಕ್ ಏರಿಸಿ, ಅದರ ಮ್ಯಾಲೆ ಭರೋಸಾ ಇಡದ
ಅಚ್ಚಿನ ಕೆಳಗ ಬೇವಿನ ತುಂಡು ಕೊಟ್ಟೆ.
ಟೊಪಗಿ ತಗದ್ರ ಒಳಗ ಗ್ರೀಸ್ ಎಲ್ಲಿ,
ಸುಟ್ಟ ಬೆಲ್ಲದಂಥ ಕರೀ ಏನೋ ಅಂಟಿತ್ತು.
ಪಿನ್ನು, ನಟ್ಟು, ವಾಶರ್, ಬೇರಿಂಗು
ತಗದದ್ದ ತಗದಂಗ ತಾಟಿನಾಗ ಸಾಲು ಹಚ್ಚಿದೆ
ಊಟಕ್ಕ ಕುಂದರಿಸಿದ ಬೀಗರಂಗ.

ಡಿಸೇಲಿನಾಗ ತೊಳದು ಬಿಸಲಿಗೆ ಹಿಡದೆ.
ಎಡಗಡೆ ರೋಲರುಗಳು ಹೊಸಾ ಸೂಜಿಯಂಗ ಹೊಳದವು.
ಬಲಗಡೆ ಎರಡರ ಮೈಮ್ಯಾಲೆ ನೀಲಿ,
ಯಾರಿಗೂ ಹೇಳದ ಉರಿ ಉಂಡ ನೀಲಿ.
ಉಗುರು ಆಡಿಸಿದ್ರ ಗುಳಿ ತಾಕತದ.
ಇದು ಇನ್ನೊಂದು ಹಂಗಾಮ ಬಾಳಂಗಿಲ್ಲ.

ಅಕ್ಕಲಕೋಟಿ ಅಂಗಡ್ಯಾಗ
ನಾ ಕನ್ನಡದಾಗ ಕೇಳಿದೆ, ಹುಡುಗ ಮರಾಠ್ಯಾಗ ಹುಡುಕಿದ,
ಸೇಠ ಹಿಂದ್ಯಾಗ ರೊಕ್ಕ ಎಣಿಸಿದ.
ಬೇರಿಂಗಿನ ಅಂಚಿಗೆ ಕೊರದ ಐದು ಅಂಕಿ
ಮೂರು ಬಾಯಾಗ ಹೊಕ್ಕು ಹೊರಬಿದ್ರೂ
ಅದೇ ಬೇರಿಂಗ್ ಆಗಿ ಬಂತು.

ಹಳೀ ಕಪ್ಪನ್ನ ಸುತ್ತ ಬಡದು ಹೊರಗ ಹಾಕಿ
ಹೊಸಾದು ಕುಂದರಿಸಿದೆ. ತಳ ಮುಟ್ಟಿದ ಕೂಡಲೆ
ಸುತಿಗಿ ಸಪ್ಪಳ ಬ್ಯಾರೆ ಆತು.
ಆ ಸಪ್ಪಳ ನನಗ ಯಾರೂ ಕಲಿಸಿರಲಿಲ್ಲ.

ಅಪ್ಪ ಚಕ್ಕಡಿ ಅಚ್ಚಿಗೆ
ಹರಳೆಣ್ಣ್ಯಾಗ ಹುಲ್ಲಬೂದಿ ಕಲಸಿ
ಕಡ್ಡಿ ತುದೀಲೆ ಹಚ್ಚತಿದ್ದ.
ಚೀರಿದ್ರ ಹಚ್ಚು, ಅಷ್ಟೇ ಅವನ ಲೆಕ್ಕ.
ಬೇರಿಂಗ್ ಹಂಗ ಚೀರಿ ಕರಿಯಂಗಿಲ್ಲ.
ಅದು ಚೀರೂದರಾಗ ಗಾಲಿ ತೊಗರ್ಯಾಗ ಇರತದ.

ಅಂಗೈ ತುಂಬ ಗ್ರೀಸ್ ಹಾಕ್ಕೊಂಡು
ಬೇರಿಂಗಿನ ಅಗಲ ಬಾಯಿ ಅದರಾಗ ಒತ್ತಿ ಒತ್ತಿ ಎಳದೆ,
ಆಕಡೆ ಸಂದಿಲಿಂದ
ಶ್ಯಾವಿಗಿಯಂಗ ಹೊರಗ ಬರೂತನಕ.
ರುಕ್ಮಾಬಾಯಿ ಹೊಸ್ತಿಲಾಗ ನಿಂತು,
ಹೂರಣ ತುಂಬಾಕತ್ತೀರೇನು, ಅಂದಳು,
ಆ ತಾಟು ಮತ್ತ ನನ್ನ ಮಾಡಕ್ಕ ಬರಬಾರದು.

ಗಾಲಿ ತಿರುಗಸ್ಕೋತ ನಟ್ಟು ಬಿಗಿ ಮಾಡಬೇಕು,
ಬಿಗಿ ಆದ ಮ್ಯಾಲೆ ಚೂರು ಸಡಲ ಬಿಡಬೇಕು.
ಚೂರು ಅಂದ್ರ ಎಷ್ಟು?
ಮೌಲಾಲಿ ಫೋನಿನಾಗ ಅಂದ,
ತಿರಗಬೇಕು, ಅಳ್ಳಾಡಬಾರದು. ಇಟ್ಟ.

ಹೊತ್ತು ಮುಳಗೂದರಾಗ ಎಲ್ಲಾ ಮುಗೀತು.

ತಾಟಿನಾಗ ಒಂದು ವಾಶರ್ ಉಳದಿತ್ತು.

ಎಡಗಡೆ ಬಿಚ್ಚಿದೆ. ವಾಶರ್ ಅದ.
ಬಲಗಡೆ ಟೊಪಗಿ ತಗದೆ. ವಾಶರ್ ಅದ.
ಆದ್ರ ಪಿನ್ನು ಹಾಕಿದಾವ ಮಡಚಿರಲಿಲ್ಲ.
ಎರಡೂ ಕಾಲು ನೆಟ್ಟಗ ಚಾಚಿ
ಹೊರಡಾಕ ತಯಾರಾದವರಂಗ ಇತ್ತು.
ಬ್ಯಾಟರಿ ಹಿಡದು ನಿಂತ ರುಕ್ಮಾಬಾಯಿ
ವಾಶರ್ ತಿರುವಿ ನೋಡಿ ಅಂದಳು,
ನಿನ್ನಿ ಔಷಧ ಹೊಡಿಯೋ ಪಂಪು ಬಿಚ್ಚಿದ್ರೆಲ್ಲ, ಅದರದು.

ಪಂಪು ಈಗೂ ಸೋರತದ.

ಮೊದಲ ಖೇಪಿಗೆ ಕರಜಗಿ ದಾಟಿ ನಿಲ್ಲಿಸಿ
ಹಿಂಗೈ ಹಬ್ಬಿಗೆ ಮುಟ್ಟಿಸಿದೆ.
ಹೊಟ್ಟೆಪಾಡಿಗೆ ತಿರಗಿದಷ್ಟೇ ಬಿಸಿ, ಹೆಚ್ಚಿಲ್ಲ.
ಹಿಂದಿನ ಟ್ರ್ಯಾಕ್ಟರಿನಾಂವ ಹಾರ್ನ್ ಹೊಡದು ಕೇಳಿದ,
ಏನಾತಪಾ?
ಏನೂ ಆಗಿಲ್ಲ, ಅಂದೆ.
ಮತ್ಯಾಕ ಇಳದಿ?
ಏನೂ ಆಗಿಲ್ಲ ಅಂಬೂದು ನೋಡಾಕ.